ಗಿಳಿಯಮ್ಮ ಹೇಳಿಕೊಡದ ಎರಡು ಮಾತು

ನಮ್ಮ ಡಾಕ್ಟರು ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹತ್ತಿದ್ದರೂ ಅಷ್ಟೇ ವೇಗದಲ್ಲಿ ಇಳಿದು ಓಡಿ ಬರುತ್ತಿದ್ದರು. ಗಡ್ಡ ಹೆರೆಯುವಾಗ ಕೆನ್ನೆ ಕೊಯ್ದು ಒಂದು ಹನಿ ರಕ್ತ ಕಂಡರೂ ಅವರಿಗೆ ಕಣ್ಣು ಕತ್ತಲಿಡುತ್ತದೆ, ಸ್ಟೂಲು ಹುಡುಕಿಕೊಂಡು ಕೂರುತ್ತಾರೆ. ಆದರೂ ಹನ್ನೊಂದು ವರ್ಷಗಳಿಂದ, ವಾರಕ್ಕೆ ಐದು ದಿನ, ಸಂಜೆ ಏಳಕ್ಕೆ ಸರಿಯಾಗಿ, ಬಿಳಿ ಕೋಟು ತೊಟ್ಟು ಮನೆಮನೆಯ ಟಿವಿಯಲ್ಲಿ ಪ್ರತ್ಯಕ್ಷರಾಗುತ್ತಾರೆ. ಆ ಧಾರಾವಾಹಿಯಲ್ಲಿ ಇರುವುದು ಒಂದೇ ಆಸ್ಪತ್ರೆ, ಅದಕ್ಕೆ ಒಬ್ಬರೇ ಡಾಕ್ಟರು. ಹಾಗಾಗಿ ಹೃದಯ, ಮೆದುಳು, ಮೂಳೆ, ಹೆರಿಗೆ ಎಲ್ಲಕ್ಕೂ ಇವರೇ. ಕಳೆದ ವರ್ಷ ಒಂದೇ ವಾರದಲ್ಲಿ ಕಥಾನಾಯಕಿಗೆ ದೃಷ್ಟಿ ಬರಿಸಿ, ಅವಳ ಮಾವನ ಮುರಿದ ಕಾಲು ಕೂಡಿಸಿ, ಶುಕ್ರವಾರದ ಹೊತ್ತಿಗೆ ಅವಳ ನಾದಿನಿಗೆ ಅವಳಿ ಮಕ್ಕಳ ಹೆರಿಗೆಯನ್ನೂ ಮಾಡಿಸಿದ್ದರು. ಆಪರೇಷನ್ ಕೋಣೆಯಿಂದ ಹೊರಬಂದು, ಕನ್ನಡಕ ತೆಗೆದು, ಕಾಯುತ್ತಿದ್ದವರ ಮುಖಗಳನ್ನು ಒಬ್ಬೊಬ್ಬರದಾಗಿ ನೋಡಿ, ನೋಡುಗರೆಲ್ಲ ಉಸಿರು ಬಿಗಿಹಿಡಿದು ಕೂತಾಗ ಅವರು ನಿಧಾನವಾಗಿ ಹೇಳುವ ಮಾತು ಒಂದೇ: “ಗಾಬರಿ ಪಡೋಂಥದ್ದೇನೂ ಇಲ್ಲ.”

ಈ ಒಂದು ಮಾತಿನಿಂದ ಅವರ ಹುಟ್ಟುಹೆಸರು ಅಳಿಸಿಹೋಯಿತು. ಓಣಿಯಲ್ಲಿ, ಅಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಎಲ್ಲರಿಗೂ ಅವರು ಡಾಕ್ಟರೇ. ತರಕಾರಿಯವಳು ಟೊಮೆಟೊ ತೂಗುತ್ತಲೇ ನಾಲಿಗೆ ಚಾಚಿ ತೋರಿಸುತ್ತಾಳೆ. ಕ್ಷೌರದವನು ಕತ್ತರಿ ನಿಲ್ಲಿಸಿ ಪ್ಯಾಂಟು ಮಡಚಿ ಮಂಡಿಯ ಊತ ಮುಂದಿಡುತ್ತಾನೆ. ಮೊದಮೊದಲು “ಅಯ್ಯೋ, ನಾನು ನಟ ಕಣ್ರೀ, ಡಾಕ್ಟರಲ್ಲ” ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಅದನ್ನು ಜನ ದೊಡ್ಡವರ ವಿನಯವೆಂದುಕೊಂಡು ಇನ್ನೆರಡು ಕಾಯಿಲೆ ಹೆಚ್ಚಿಗೆ ಹೇಳತೊಡಗಿದರು. ಕೊನೆಗೆ ಬೇಸತ್ತು ಎಲ್ಲ ರೋಗಕ್ಕೂ ಒಂದೇ ಔಷಧಿ ಗೊತ್ತುಮಾಡಿಕೊಂಡರು: ಬಿಸಿನೀರು ಕುಡಿಯಿರಿ. ಕ್ಷೌರದವನ ಮಂಡಿಯ ಊತ ಇಳಿದದ್ದು ಬಿಸಿನೀರಿನಿಂದಲೇ ಎಂದು ಅವನು ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ನಿಜ ಹೇಳಬೇಕೆಂದರೆ ಇತ್ತೀಚೆಗೆ ಡಾಕ್ಟರಿಗೂ ಹಾಗೆ ಸ್ವಲ್ಪ ಅನ್ನಿಸುತ್ತಿತ್ತು.

ತಮಾಷೆಯೆಂದರೆ ಆ ಮನೆಯಲ್ಲಿ ಆಸ್ಪತ್ರೆ ಬಲ್ಲವರು ಬೇರೊಬ್ಬರಿದ್ದರು. ಅವರ ಹೆಂಡತಿ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷಗಳಿಂದ ನರ್ಸು, ಈಗ ಹೆಂಗಸರ ವಾರ್ಡಿನ ಮುಖ್ಯಸ್ಥೆ. ಆಸ್ಪತ್ರೆಯ ಒಳಗೆ ಎಲ್ಲರಿಗೂ ಸಿಸ್ಟರು. ಗೇಟಿನಿಂದ ಹೊರಗೆ ಬಂದರೆ ಮಾತ್ರ “ಡಾಕ್ಟ್ರ ಹೆಂಡ್ತಿ”. ಸಾವಿರಾರು ಜನರಿಗೆ ಚುಚ್ಚುಮದ್ದು ಕೊಟ್ಟ ಕೈಯನ್ನು ಬಿಟ್ಟು, ಪ್ಲೈವುಡ್ ಗೋಡೆಯ ಆಸ್ಪತ್ರೆಯಲ್ಲಿ ಖಾಲಿ ಸಿರಿಂಜು ಎತ್ತಿಹಿಡಿದ ಕೈಯನ್ನು ಜನ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಸಿಸ್ಟರಿಗೆ ಇದರಿಂದ ಸಿಟ್ಟು ಬರುತ್ತಿರಲಿಲ್ಲ, ನಗು ಬರುತ್ತಿತ್ತು. ಅದರಲ್ಲೂ ಧಾರಾವಾಹಿ ಶುರುವಾದ ಮೊದಲ ತಿಂಗಳು ಆಕೆ ನಕ್ಕ ನಗುವಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ಇಣುಕಿದ್ದರು.

“ರೀ, ಅದೇನು ಸ್ಟೆತಸ್ಕೋಪು ಹಿಂದುಮುಂದು ಸಿಕ್ಕಿಸ್ಕೊಂಡಿದ್ದೀರಿ? ಕಿವಿಗೆ ಹಾಕೋ ತುದಿ ಮೂಗಿನ ಕಡೆ ಬಗ್ಗಿರಬೇಕು. ಹಾಗೆ ಹಾಕ್ಕೊಂಡ್ರೆ ರೋಗಿ ಎದೆ ಬಡಿತ ಇರಲಿ, ನಿಮ್ಮ ನಿರ್ದೇಶಕರು ಕಟ್ ಅಂದಿದ್ದೂ ಕೇಳ್ಸಲ್ಲ.”

ಅಂದಿನಿಂದ ಅಡುಗೆಮನೆಯ ಮೇಜಿನ ಮೇಲೆ ಅವರ ಪಾಠ ಶುರುವಾಯಿತು. ಎಕ್ಸ್‌ರೇ ಹಾಳೆ ತಲೆಕೆಳಗು ಹಿಡಿಯಬಾರದು. ಕೈಗವಸು ಹಾಕಿದ ಮೇಲೆ ಮೂಗು ತುರಿಸಿಕೊಳ್ಳಬಾರದು. ನಾಡಿ ನೋಡುವಾಗ ಮೂರು ಬೆರಳು ಇಡಬೇಕು, ಹೆಬ್ಬೆರಳಲ್ಲ. “ಹೆಬ್ಬೆರಳಿಗೆ ಅದರದ್ದೇ ಬಡಿತ ಇರುತ್ತೆ. ರೋಗಿ ನಾಡಿ ಅಂದ್ಕೊಂಡು ನಿಮ್ಮ ನಾಡೀನೇ ಎಣಿಸ್ತಾ ಕೂರ್ತೀರಿ” ಎಂದು ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟು ಆಕೆ ತೋರಿಸಿಕೊಟ್ಟಿದ್ದರು. ಮರುವಾರ ಪತ್ರಿಕೆಯೊಂದರಲ್ಲಿ “ವೈದ್ಯರ ಹಾವಭಾವವನ್ನು ಈ ನಟ ಅದೆಲ್ಲಿ ಅಧ್ಯಯನ ಮಾಡಿದರೋ!” ಎಂದು ಬರೆದಿದ್ದರು. ಡಾಕ್ಟರು ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದರು. ಸಿಸ್ಟರು ಅದೇ ಕಪಾಟು ತೆರೆದು ತಮ್ಮ ಯೂನಿಫಾರ್ಮು ತೆಗೆದುಕೊಂಡು ಡ್ಯೂಟಿಗೆ ಹೋದರು.

ಇನ್ನು ಗಿಳಿಯಮ್ಮನ ವಿಚಾರ. ಧಾರಾವಾಹಿ ಎಂದರೆ ದಿನಕ್ಕೊಂದು ಕಂತು ಹೆರಬೇಕಾದ ಕೆಲಸ. ಬೆಳಗ್ಗೆ ಬರೆದ ಸಂಭಾಷಣೆಯ ಶಾಯಿ ಆರುವಷ್ಟರಲ್ಲಿ ಮಧ್ಯಾಹ್ನದ ದೃಶ್ಯ ಮುಗಿದಿರಬೇಕು. ಬಾಯಿಪಾಠ ಮಾಡಲು ಯಾರಿಗೆ ಪುರಸೊತ್ತು? ಅದಕ್ಕೇ ಕ್ಯಾಮೆರಾದ ಕಾಲಬುಡದಲ್ಲಿ ಒಬ್ಬರು ಹಾಳೆ ಹಿಡಿದು ಕೂತು ಒಂದೊಂದು ವಾಕ್ಯ ಹೇಳಿಕೊಡುತ್ತಾರೆ, ನಟರು ಅದನ್ನು ಕೇಳಿ ಹೇಳುತ್ತಾರೆ. ಆಮೇಲೆ ಹೇಳಿಕೊಟ್ಟ ದನಿಯನ್ನು ಅಳಿಸಿ ಹಾಕುತ್ತಾರೆ. ಈ ಕೆಲಸ ಮಾಡುತ್ತಿದ್ದದ್ದು ಐವತ್ತು ದಾಟಿದ ಒಬ್ಬ ಹೆಂಗಸು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಸದಾ ಪೆನ್ಸಿಲು, ಅಳುವ ದೃಶ್ಯಕ್ಕೂ ಮದುವೆಯ ದೃಶ್ಯಕ್ಕೂ ಒಂದೇ ರಾಗ. ಇಡೀ ಸೆಟ್ಟು ಅವರನ್ನು ಗಿಳಿಯಮ್ಮ ಎಂದೇ ಕರೆಯುತ್ತಿತ್ತು. ಹೇಳಿದ್ದನ್ನೇ ಹೇಳುವುದು ಗಿಳಿಯ ಗುಣವಾದರೆ ಆ ಹೆಸರು ಯಾರಿಗೆ ಸಲ್ಲಬೇಕು ಎಂದು ಒಬ್ಬರೂ ಯೋಚಿಸಲಿಲ್ಲ, ನಮ್ಮ ಡಾಕ್ಟರಂತೂ ಸುತರಾಂ ಯೋಚಿಸಲಿಲ್ಲ.

ಡಾಕ್ಟರ ಆ ಜಗದ್ವಿಖ್ಯಾತ ಮೌನದ ಗುಟ್ಟೂ ಇಷ್ಟೇ. ಗಿಳಿಯಮ್ಮ ವಾಕ್ಯ ಹೇಳಿ ಮುಗಿಸುವವರೆಗೆ ಸುಮ್ಮನಿರಬೇಕಲ್ಲ, ಆ ಹೊತ್ತಿನಲ್ಲಿ ಡಾಕ್ಟರು ಹುಬ್ಬು ಕೂಡಿಸಿ ದೂರದ ಗೋಡೆ ನೋಡುತ್ತಿದ್ದರು. ನೋಡುವವರಿಗೆ ಅದು ಆಳವಾದ ಚಿಂತನೆ. “ಅಳೆದು ತೂಗಿ ಮಾತಾಡೋ ಮನುಷ್ಯ” ಎಂದು ಊರೆಲ್ಲ ಹೊಗಳಿತು. ಹನ್ನೊಂದು ವರ್ಷ ಹೀಗೆ ಕಳೆದ ಮೇಲೆ ರೋಗ ಮನೆಗೂ ಹಬ್ಬಿತು. “ರಾತ್ರಿ ಊಟಕ್ಕೆ ಏನು ಮಾಡ್ಲಿ?” ಎಂದು ಸಿಸ್ಟರು ಕೇಳಿದರೆ ಇವರು ಹುಬ್ಬು ಕೂಡಿಸಿ ಗೋಡೆ ನೋಡುತ್ತಾ ನಿಲ್ಲುತ್ತಿದ್ದರು.

“ಏನು, ಹಿಂದಿನಿಂದ ಯಾರೂ ಹೇಳ್ಕೊಡ್ತಾ ಇಲ್ವಾ?” ಎಂದು ಆಕೆ ಕಾಲೆಳೆಯುತ್ತಿದ್ದರು. ಕೊನೆಗೆ ತಾವೇ ಹೇಳಿಕೊಡುತ್ತಿದ್ದರು ಕೂಡ. ತಮ್ಮ ತವರಿನ ನೆಂಟರ ಮನೆಗೆ ಹೋದಾಗ ಬಾಗಿಲಲ್ಲೇ ಪಿಸುಗುಟ್ಟುವುದು: “ಚಿಕ್ಕಪ್ಪನ ಬೆನ್ನುನೋವು ಹೇಗಿದೆ ಅಂತ ಕೇಳಿ.” ಡಾಕ್ಟರು ಚಿಕ್ಕಪ್ಪನ ಕಣ್ಣಲ್ಲಿ ಕಣ್ಣಿಟ್ಟು ಗಂಭೀರವಾಗಿ ಕೇಳುತ್ತಿದ್ದರು, “ಚಿಕ್ಕಪ್ಪ, ಬೆನ್ನುನೋವು ಹೇಗಿದೆ?” ಚಿಕ್ಕಪ್ಪನ ಕಣ್ಣು ಒದ್ದೆಯಾಗುತ್ತಿತ್ತು. ಮನೆಯಲ್ಲಿ ಇಷ್ಟು ಮಂದಿ ಇದ್ದರೂ ಅಳಿಯ ಒಬ್ಬನೇ ನೆನಪಿಟ್ಟುಕೊಂಡು ಕೇಳುವವನು ಎಂದು ಅವರು ಎಲ್ಲರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದರು.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ, ಒಂದು ಬೆಳಗ್ಗೆ ಸಿಸ್ಟರು ಬಿಳಿ ಶೂಗೆ ಪಾಲಿಶ್ ಹಚ್ಚುತ್ತಾ, ತಲೆ ಎತ್ತದೆ ಹೇಳಿದರು.

“ಈ ತಿಂಗಳ ಕೊನೇ ದಿನ ನಾನು ರಿಟೈರ್ ಆಗ್ತೀನಿ. ಆಸ್ಪತ್ರೆ ಸಭಾಂಗಣದಲ್ಲಿ ಬೀಳ್ಕೊಡುಗೆ ಇಟ್ಕೊಂಡಿದ್ದಾರೆ. ನೀವು ಬಂದು ಎರಡು ಮಾತಾಡ್ಬೇಕು.”

“ನಾನಾ?”

“ಗಂಡ ನೀವೇ ತಾನೇ?”

ಡಾಕ್ಟರು ಗೋಡೆ ನೋಡಿದರು. ಗೋಡೆಯ ಮೇಲೆ ಕ್ಯಾಲೆಂಡರು ಬಿಟ್ಟರೆ ಏನೂ ಇರಲಿಲ್ಲ. “ಅದಕ್ಕೇನಂತೆ, ನಮ್ಮ ಸಂಭಾಷಣೆ ಬರೆಯೋರ ಹತ್ರ ಒಂದು ಪುಟ ಬರೆಸ್ಕೊಂಡು...” ಎಂದು ಶುರು ಮಾಡಿದರು.

ಸಿಸ್ಟರು ಶೂ ಕೆಳಗಿಟ್ಟರು. “ಬೇಡ. ಡಾಕ್ಟರನ್ನ ಕರ್ಕೊಂಡು ಬರಬೇಡಿ. ಬರೆದಿದ್ದೂ ಬೇಡ. ನೀವೊಬ್ರೇ ಬನ್ನಿ. ನಿಮ್ಮ ಬಾಯಿಂದ, ನಿಮ್ಮದೇ ಎರಡು ಮಾತು. ಅಷ್ಟೇ ನಾನು ಕೇಳ್ತಿರೋದು.” ಆಮೇಲೆ ಕೇಳಿದರು, “ನಿಮಗೆ ಪ್ರಶಸ್ತಿ ಬಂದ ದಿನ ನೆನಪಿದೆಯಾ?”

ಮರೆಯುವುದು ಹೇಗೆ? ನಾಲ್ಕು ವರ್ಷದ ಹಿಂದೆ ಚಾನೆಲ್ಲಿನವರು ದೊಡ್ಡ ವೇದಿಕೆ ಹಾಕಿ, ಇವರಿಗೆ ಅತ್ಯುತ್ತಮ ಪೋಷಕ ನಟ ಎಂದು ಗಾಜಿನ ಫಲಕ ಕೊಟ್ಟಿದ್ದರು. ಏನು ಮಾತಾಡಬೇಕೆಂಬುದು ಎದುರಿನ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರುತ್ತಿತ್ತು. ಇವರು ಕಂಠ ತುಂಬಿ ಓದಿದರು. ಚಾನೆಲ್ಲಿನವರಿಗೆ, ನಿರ್ಮಾಪಕರಿಗೆ, ನಿರ್ದೇಶಕರಿಗೆ, ಮೇಕಪ್ಪಿನವರಿಗೆ, ಜನರೇಟರ್ ಗಾಡಿಯ ಡ್ರೈವರಿಗೆ, ಕೊನೆಗೆ ಪ್ರೇಕ್ಷಕ ಪ್ರಭುಗಳಿಗೆ ಕೃತಜ್ಞತೆ ಸಲ್ಲಿಸಿ ಕಣ್ಣೊರೆಸಿಕೊಂಡು ಕೆಳಗಿಳಿದರು. ಧಾರಾವಾಹಿ ಸಿಗುವುದಕ್ಕಿಂತ ಹಿಂದಿನ ಹದಿನಾರು ವರ್ಷ ಇವರು ಒಂದು ನಾಟಕ ತಂಡದಿಂದ ಇನ್ನೊಂದಕ್ಕೆ ಅಲೆಯುತ್ತಿದ್ದಾಗ ಎರಡೆರಡು ಪಾಳಿ ದುಡಿದು ಒಲೆ ಹೊತ್ತಿಸಿದವರು ಯಾರು, ಆ ಸಂಜೆಯ ಕೋಟಿಗೆ ಇಸ್ತ್ರಿ ಹಾಕಿಕೊಟ್ಟವರು ಯಾರು ಎಂಬುದು ಪರದೆಯ ಮೇಲೆ ಬರಲಿಲ್ಲ. ಬರಲಿಲ್ಲವಾದ್ದರಿಂದ ಇವರು ಹೇಳಲಿಲ್ಲ.

“ಅವತ್ತು ನನಗೆ ರಜ ಸಿಗ್ಲಿಲ್ಲ. ವಾರ್ಡಲ್ಲಿ ಟಿವಿ ಹಾಕಿದ್ರು” ಎಂದರು ಸಿಸ್ಟರು. “ಹನ್ನೆರಡು ಹಾಸಿಗೆಯವರೂ, ಆಯಾಗಳೂ, ಎಲ್ಲ ನೋಡ್ತಿದ್ರು. ನೀವು ಥ್ಯಾಂಕ್ಸ್ ಹೇಳಿ ಮುಗಿಸಿದಾಗ ಎಲ್ಲರೂ ತಿರುಗಿ ನನ್ನ ಮುಖ ನೋಡಿದ್ರು. ನನಗೆ ಏನು ಮಾಡ್ಬೇಕೋ ಗೊತ್ತಾಗ್ಲಿಲ್ಲ. ಹೋಗಿ ಒಂದು ಡ್ರಿಪ್ ಸರಿ ಮಾಡ್ದೆ. ಅದು ಸರಿಯಾಗೇ ಇತ್ತು.”

“ಅದು... ಬರೆದವರು...”

“ಹೌದು, ನಾನೂ ಹಾಗೇ ಹೇಳ್ದೆ ಎಲ್ಲರಿಗೂ. ಬರೆದವರು ಮರ್ತಿದ್ದಾರೆ, ಅವರಲ್ಲ ಅಂತ. ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೀನಿ.” ಆಕೆ ಶೂ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಹೊರಟರು. ಬಾಗಿಲಲ್ಲಿ ತಿರುಗಿ, “ಮೇಜಿನ ಮೇಲೆ ಮೊಟ್ಟೆ ಬೇಯಿಸಿಟ್ಟಿದ್ದೀನಿ. ಸಿಪ್ಪೆ ತೆಗೆದು ತಿನ್ಬೇಕು, ಅದನ್ನೂ ಹೇಳ್ಕೊಡ್ಬೇಕಾ?” ಎಂದು ನಕ್ಕರು. ಆ ನಗು ಎಂದಿನ ನಗುವಲ್ಲ ಎಂಬುದು ನಮ್ಮ ಡಾಕ್ಟರಿಗೂ ಗೊತ್ತಾಯಿತು.

ಗೊತ್ತಾದವರು ಸುಮ್ಮನೆ ಕೂತು ಎರಡು ಮಾತು ಯೋಚಿಸಬೇಕಿತ್ತೋ ಬೇಡವೋ? ಇವರು ಸೆಟ್ಟಿಗೆ ಹೋದವರೇ ಸಂಭಾಷಣೆ ಬರೆಯುವವನನ್ನು ಮೂಲೆಗೆ ಕರೆದರು. ಬರೆದಿದ್ದು ಬೇಡ ಎಂದು ಹೆಂಡತಿ ಹೇಳಿದ್ದು ಕಿವಿಯಲ್ಲಿತ್ತು. ಆದರೆ ಬರೆದವರು ಯಾರೆಂದು ಆಕೆಗೆ ಹೇಗೆ ತಿಳಿಯಬೇಕು ಎಂಬುದು ಇವರ ಜಾಣತನ.

ಬರೆಯುವವನು ಟೀ ಲೋಟ ಹಿಡಿದೇ ಕೇಳಿದ, “ಎಷ್ಟು ನಿಮಿಷ ಸಾರ್? ಕಣ್ಣೀರು ಕೊನೇಲಿ ಬರ್ಬೇಕಾ, ಮಧ್ಯದಲ್ಲಾ? ಅತ್ತಿಗೆ ಬದುಕಿದ್ದಾರೆ ತಾನೇ?” ಹತ್ತು ನಿಮಿಷದಲ್ಲಿ ಒಂದು ಪುಟ ಬಂತು. ‘ಓ ತ್ಯಾಗಮಯಿ, ಓ ಕರುಣಾಳು, ನೀನು ಉರಿದು ನನಗೆ ಬೆಳಕಾದೆ’ ಎಂದು ಶುರುವಾಗಿತ್ತು. ಡಾಕ್ಟರಿಗೆ ಇದನ್ನು ಎಲ್ಲೋ ಹೇಳಿದ ನೆನಪು. ಆಮೇಲೆ ಹೊಳೆಯಿತು: ಧಾರಾವಾಹಿಯ ಹೆಂಡತಿ ಮಹಡಿಯಿಂದ ಬಿದ್ದು ಸತ್ತಾಗ ಅವಳ ಫೋಟೋದ ಮುಂದೆ ನಿಂತು ಹೇಳಿದ್ದು ಇದನ್ನೇ. ಇದನ್ನು ಸಿಸ್ಟರ ಮುಂದೆ ಹೇಳಿದರೆ ಫೋಟೋದ ಜಾಗಕ್ಕೆ ತಾವೇ ಹೋಗಬೇಕಾದೀತು ಎಂದು ಹೆದರಿ ಪುಟವನ್ನು ಮಡಚಿ ಜೇಬಿಗೆ ಹಾಕಿದರು.

ಉಳಿದದ್ದು ಗಿಳಿಯಮ್ಮ ಒಬ್ಬರೇ. ಊಟದ ಬಿಡುವಿನಲ್ಲಿ, ಐಸಿಯು ಸೆಟ್ಟಿನ ಹಾಸಿಗೆಯ ಮೇಲೆ ಡಬ್ಬಿ ಬಿಚ್ಚಿ ಕೂತಿದ್ದ ಅವರ ಎದುರು ಡಾಕ್ಟರು ಹೋಗಿ ನಿಂತರು.

“ಗಿಳಿಯಮ್ಮ, ನೀವು ಆ ದಿನ ನನ್ನ ಜೊತೆ ಬರಬೇಕು. ಮುಂದಿನ ಸಾಲಿನ ತುದೀಲಿ ಕೂತ್ಕೊಂಡು ಮೆಲ್ಲಗೆ ಹೇಳ್ಕೊಡಿ, ಸಾಕು.”

“ಏನನ್ನ ಹೇಳ್ಕೊಡ್ಲಿ ಸಾರ್? ನಿಮ್ಮ ಹೆಂಡತಿ ವಿಚಾರ ನನಗೇನು ಗೊತ್ತು?”

“ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ಆಮೇಲೆ ನೀವು ಹೇಳಿ, ನಾನು ಹೇಳ್ತೀನಿ.”

ಗಿಳಿಯಮ್ಮ ಕನ್ನಡಕದ ಮೇಲಿಂದ ಅವರನ್ನು ಒಂದು ಸಲ ನೋಡಿ, ಪೆನ್ಸಿಲು ತೆಗೆದು, “ಹೇಳಿ” ಎಂದರು. ಡಾಕ್ಟರು ಹೇಳತೊಡಗಿದರು. ಆಕೆ ಡ್ಯೂಟಿಯಿಂದ ಬಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯದೆ ಮನೆಯ ಒಂದು ಲೋಟವನ್ನೂ ಮುಟ್ಟುವುದಿಲ್ಲ. ಯಾರಾದರೂ ರೋಗಿ ತೀರಿಹೋದ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬರೇ ಹೆಚ್ಚು ಹೊತ್ತು ನಿಲ್ಲುತ್ತಾರೆ, ಏಕೆಂದು ಕೇಳಿದರೆ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಎನ್ನುತ್ತಾರೆ. ಬಸ್ಸಿನಲ್ಲಿ ಕೂತರೆ ಪಕ್ಕದವರ ಉಗುರಿನ ಬಣ್ಣ ನೋಡಿ ರಕ್ತ ಕಡಿಮೆ ಇದೆ ಎಂದು ಹೇಳಿ ಬೈಸಿಕೊಂಡಿದ್ದಾರೆ. ನಾಟಕ ತಂಡ ಮುಚ್ಚಿ ಇವರು ಆರು ತಿಂಗಳು ಮನೆಯಲ್ಲಿ ಕೂತಾಗ, ನೆರೆಯವರು ಕೇಳಿದರೆ “ಅವರು ಹೊಸ ಪಾತ್ರಕ್ಕೆ ತಯಾರಿ ನಡೆಸ್ತಿದ್ದಾರೆ” ಎನ್ನುತ್ತಿದ್ದರು. ಹೀಗೆ ಮುಕ್ಕಾಲು ಗಂಟೆ ಒಂದೇ ಸಮನೆ ಹೇಳಿದರು. ಒಮ್ಮೆಯೂ ಹುಬ್ಬು ಕೂಡಿಸಲಿಲ್ಲ, ಗೋಡೆ ನೋಡಲಿಲ್ಲ.

ಗಿಳಿಯಮ್ಮ ಹಾಳೆ ತಿರುಗಿಸಿ ಕೇಳಿದರು, “ಸಾರ್, ಇಷ್ಟೊತ್ತು ನಿಮಗೆ ಯಾರು ಹೇಳ್ಕೊಟ್ರು?”

“ಯಾರೂ ಇಲ್ಲ. ನೀವು ಬರ್ಕೊಂಡ್ರಾ?” ಎಂದು ಡಾಕ್ಟರು ನಿಶ್ಚಿಂತೆಯಿಂದ ಮೇಕಪ್ಪಿಗೆ ಹೋದರು. ಅವರಿಗೆ ಪ್ರಶ್ನೆ ತಲುಪಲೇ ಇಲ್ಲ. ಗಿಳಿಯಮ್ಮ ಆರಿಹೋದ ಊಟವನ್ನು ಮುಗಿಸಿದರು.

ಆ ದಿನ ಬಂತು. ಆಸ್ಪತ್ರೆಯ ಸಭಾಂಗಣವೆಂದರೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವ ಉದ್ದನೆಯ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿ, ಮುಂದೆ ಮೇಜಿಗೆ ಹಸಿರು ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದರು. ಮೂಲೆಯಲ್ಲಿ ನಿಂತ ಅಸ್ಥಿಪಂಜರವನ್ನು ಹೊರಗೆ ಸಾಗಿಸಲು ಮರೆತು, ಅದಕ್ಕೊಂದು ಬೆಡ್‌ಶೀಟು ಮುಚ್ಚಿದ್ದರು. ಡಾಕ್ಟರು ಬಾಗಿಲಲ್ಲಿ ಕಾಲಿಟ್ಟದ್ದೇ ತಡ, ಕೋಣೆಗೆ ಕೋಣೆಯೇ ಎದ್ದು ಅವರನ್ನು ಮುತ್ತಿಕೊಂಡಿತು. ನರ್ಸುಗಳು ಫೋಟೋ ತೆಗೆಸಿಕೊಂಡರು. ಲಿಫ್ಟಿನವನು ತನ್ನ ರಕ್ತಪರೀಕ್ಷೆಯ ರಿಪೋರ್ಟು ತೋರಿಸಿದ. ಆಸ್ಪತ್ರೆಯ ಮುಖ್ಯಸ್ಥರು, ಅಪ್ಪಟ ಓದಿದ ಡಾಕ್ಟರು, ಇವರ ಕೈ ಹಿಡಿದು ಅಲ್ಲಾಡಿಸಿ, “ನಮ್ಮಮ್ಮ ನನ್ನ ಮಾತು ಒಂದೂ ಕೇಳಲ್ಲ ಸಾರ್, ನೀವು ಟಿವೀಲಿ ಹೇಳಿದ್ರೆ ಮಾತ್ರ ಮಾತ್ರೆ ನುಂಗ್ತಾರೆ” ಎಂದರು. ಇವರು ಜಂಭದಿಂದ ಬೀಗುತ್ತಾ ತಲೆಯೆತ್ತಿ ನೋಡಿದರೆ, ಆ ಗದ್ದಲದ ಆಚೆ ಸಿಸ್ಟರು ತಮ್ಮ ಬೀಳ್ಕೊಡುಗೆಗೆ ತಾವೇ ಎರಡು ಕುರ್ಚಿ ಹೊತ್ತುಕೊಂಡು ಬರುತ್ತಿದ್ದರು. ಡಾಕ್ಟರಿಗೆ ಎಲ್ಲೋ ಒಂದು ಕಡೆ ಚುಳ್ಳೆಂದಿತು. ಅಷ್ಟರಲ್ಲಿ ಇನ್ನೊಬ್ಬರು ಫೋಟೋಗೆ ಎಳೆದರು.

ಮುಖ್ಯಸ್ಥರು ಮಾತಾಡಿದರು. ಆರು ನಿಮಿಷದಲ್ಲಿ ನಾಲ್ಕು ನಿಮಿಷ ಧಾರಾವಾಹಿಯ ಬಗ್ಗೆ, ಎರಡು ನಿಮಿಷ ಸಿಸ್ಟರ ಬಗ್ಗೆ. ನಿವೃತ್ತಿಯ ಕಾಣಿಕೆಯೆಂದು ಗೋಡೆ ಗಡಿಯಾರ ಕೊಟ್ಟರು. ಮೂವತ್ತನಾಲ್ಕು ವರ್ಷ ಗಡಿಯಾರ ನೋಡಿ ಓಡಿದವರಿಗೆ ಇನ್ನು ನೋಡಬೇಕಿಲ್ಲ ಎಂಬ ದಿನವೇ ಗಡಿಯಾರ ಕೊಡುವುದನ್ನು ಯಾರು ಕಂಡುಹಿಡಿದರೋ ಕಾಣೆ. ಆಮೇಲೆ ನಿರೂಪಣೆಯ ನರ್ಸು ಕೀರಲು ದನಿಯಲ್ಲಿ ಕೂಗಿದರು, “ಈಗ ನಮ್ಮೆಲ್ಲರ ಮೆಚ್ಚಿನ ಡಾಕ್ಟರ್ ಅವರಿಂದ ಎರಡು ಮಾತು!”

ಚಪ್ಪಾಳೆಯೋ ಚಪ್ಪಾಳೆ. ಡಾಕ್ಟರು ಮೈಕಿನ ಮುಂದೆ ನಿಂತು ಮುಂದಿನ ಸಾಲಿನ ತುದಿ ನೋಡಿದರು. ಗಿಳಿಯಮ್ಮ ಮಡಿಲಲ್ಲಿ ಹಾಳೆ ಹಿಡಿದು, ಮೂಗಿನ ತುದಿಗೆ ಕನ್ನಡಕ ಇಳಿಸಿ ತಯಾರಾಗಿದ್ದರು. ತುಟಿ ಅಲುಗಿತು. ಡಾಕ್ಟರು ಹುಬ್ಬು ಕೂಡಿಸಿ ದೂರದ ಗೋಡೆ ನೋಡಿದರು. ಕೋಣೆ ಪುಳಕಗೊಂಡಿತು. “ನೋಡೇ, ಅದೇ, ಅದೇ!” ಎಂದು ಯಾರೋ ಪಿಸುಗುಟ್ಟಿದರು.

“ಎಲ್ಲರಿಗೂ ನಮಸ್ಕಾರ” ಎಂದರು ಡಾಕ್ಟರು. ಮತ್ತೆ ಮೌನ. ಮತ್ತೆ ಗಿಳಿಯಮ್ಮನ ತುಟಿ. “ನನ್ನ ಹೆಂಡತಿ ಮನೆಗೆ ಬಂದ ಕೂಡಲೇ ಮೊಣಕೈವರೆಗೆ ಕೈ ತೊಳೀತಾಳೆ.” ನರ್ಸುಗಳು ನಕ್ಕು ಚಪ್ಪಾಳೆ ತಟ್ಟಿದರು. ಎಲ್ಲ ಸರಿಹೋಗುತ್ತಿದೆ ಎಂದು ಧೈರ್ಯ ಬಂದು, ಹೆಂಡತಿಯ ಮೆಚ್ಚುಗೆ ಪಡೆಯಲು ಡಾಕ್ಟರು ಆಕೆ ಕೂತಿದ್ದ ಮೇಜಿನ ಕಡೆ ಕತ್ತು ತಿರುಗಿಸಿದರು.

ಸಿಸ್ಟರು ಇವರನ್ನು ನೋಡುತ್ತಿರಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿ ಕೂತ ಹೆಂಗಸನ್ನೂ ಆಕೆಯ ಮಡಿಲ ಹಾಳೆಯನ್ನೂ ನೋಡುತ್ತಿದ್ದರು. ಒಂದೆರಡು ಕ್ಷಣ ನೋಡಿ, ಕಣ್ಣು ಇಳಿಸಿ, ಮೇಜಿನ ಮೇಲಿನ ಹೂದಾನಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೂಗಳನ್ನು ಒಂದೊಂದಾಗಿ ಸರಿಮಾಡತೊಡಗಿದರು. ಹೂಗಳು ಸರಿಯಾಗಿಯೇ ಇದ್ದವು.

ಆ ವಾರ್ಡು, ಆ ಹನ್ನೆರಡು ಹಾಸಿಗೆ, ಸರಿಯಾಗಿಯೇ ಇದ್ದ ಆ ಡ್ರಿಪ್ಪು, ಎಲ್ಲ ಒಟ್ಟಿಗೆ ಡಾಕ್ಟರ ಕಣ್ಣಮುಂದೆ ಬಂತು. ನಾಲ್ಕು ವರ್ಷದ ಹಿಂದೆ ತಾವು ನೋಡದೆ ಹೋದ ಮುಖ ಈಗ ಮಾರು ದೂರದಲ್ಲಿತ್ತು. ಅವರಿಗೆ ನಾಚಿಕೆಯಾಯಿತು. ಹನ್ನೊಂದು ವರ್ಷದಲ್ಲಿ ಯಾವ ನಿರ್ದೇಶಕನೂ ಅವರಿಂದ ಹೊರಡಿಸಲಾಗದಂಥ, ನಿಜವಾದ ನಾಚಿಕೆ.

“ಗಿಳಿಯಮ್ಮ,” ಎಂದರು ಮೈಕಿನಲ್ಲೇ, “ಹಾಳೆ ಮಡಚಿಬಿಡಿ.”

ಗಿಳಿಯಮ್ಮ ಒಂದು ಗಳಿಗೆಯೂ ತಡಮಾಡದೆ ಹಾಳೆ ಮಡಚಿ ಚೀಲಕ್ಕೆ ತುರುಕಿ ಜಿಪ್ಪು ಎಳೆದರು. ಆಮೇಲೆ ಬಂದ ಮೌನ ಇದೆಯಲ್ಲ, ಅದು ಬೇರೆ ಜಾತಿಯದು. ಅದರೊಳಗೆ ಫ್ಯಾನಿನ ಕಟಕಟ ಕೇಳಿಸಿತು, ಕಾರಿಡಾರಿನಲ್ಲಿ ಸ್ಟ್ರೆಚರ್ ಹೋದದ್ದು ಕೇಳಿಸಿತು. ಜನ ಮಾತ್ರ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

“ತಟ್ಬೇಡಿ,” ಎಂದರು ಡಾಕ್ಟರು. ದನಿ ಅವರಿಗೇ ಗುರುತು ಸಿಗದಷ್ಟು ತೆಳ್ಳಗಿತ್ತು. “ಇದು ನಟನೆ ಅಲ್ಲ. ಟಿವೀಲಿ ನಾನು ಸುಮ್ನೆ ನಿಲ್ತೀನಲ್ಲ, ಅದೂ ಯೋಚನೆ ಅಲ್ಲ. ಇವರು ಹೇಳ್ಕೊಡ್ಲಿ ಅಂತ ಕಾಯ್ತಿರ್ತೀನಿ ಅಷ್ಟೇ. ಮನೇಲಿ ಇವಳು ಹೇಳ್ಕೊಡ್ತಾಳೆ. ಚಿಕ್ಕಪ್ಪನ ಬೆನ್ನುನೋವು ಇವತ್ತಿಗೂ ನನಗೆ ನೆನಪಿಲ್ಲ.”

ಹಿಂದಿನ ಸಾಲಿನಲ್ಲಿ ನೆಂಟರ ಜೊತೆ ಕೂತಿದ್ದ ಚಿಕ್ಕಪ್ಪ ಬೆನ್ನು ನೆಟ್ಟಗೆ ಮಾಡಿದರು. ಯಾರೋ ನಕ್ಕರು. ಡಾಕ್ಟರು ಮುಂದುವರಿದರು.

“ನೀವೆಲ್ಲ ನನ್ನನ್ನ ಡಾಕ್ಟರು ಅಂತೀರಿ. ಸ್ಟೆತಸ್ಕೋಪು ಹಾಕೋದು, ಎಕ್ಸ್‌ರೇ ಹಿಡಿಯೋದು, ಎಲ್ಲ ಇವಳು ಹೇಳ್ಕೊಟ್ಟಿದ್ದು. ನಾಡಿ ಹೆಬ್ಬೆರಳಲ್ಲಿ ನೋಡ್ಬೇಡಿ, ನಿಮ್ಮದೇ ಎಣಿಸ್ತೀರಿ ಅಂದಿದ್ಲು. ಟಿವೀಲಿ ತಿದ್ಕೊಂಡೆ. ಮನೇಲಿ ತಿದ್ಕೊಳ್ಳಲಿಲ್ಲ. ಇಷ್ಟು ವರ್ಷ ಮನೇಲಿ ನನ್ನ ನಾಡಿ ಒಂದೇ ಎಣಿಸಿದ್ದೀನಿ.” ಮೈಕಿನ ಕೋಲನ್ನು ಬಿಗಿಯಾಗಿ ಹಿಡಿದುಕೊಂಡರು. “ಪ್ರಶಸ್ತಿ ತಗೊಂಡ ದಿನ ನಾನು ಜನರೇಟರ್ ಡ್ರೈವರಿಗೂ ಥ್ಯಾಂಕ್ಸ್ ಹೇಳ್ದೆ, ಇವಳಿಗೆ ಹೇಳ್ಲಿಲ್ಲ. ಬರೆದವರು ಮರ್ತಿದ್ರು ಅಂತ ಇವಳು ನಿಮಗೆಲ್ಲ ಹೇಳಿದ್ದಾಳೆ. ಅವರು ಮರೆತದ್ದಲ್ಲ, ಅವರಿಗೆ ಇವಳು ಯಾರೂ ಅಲ್ಲ. ಮರ್ತಿದ್ದು ನಾನು. ತಪ್ಪಾಯ್ತು.”

ಅಷ್ಟೇ. ಇನ್ನೇನೂ ಹೊಳೆಯಲಿಲ್ಲ. “ಎರಡು ಮಾತು ಅಂದಿದ್ಲು. ಎಷ್ಟಾಯ್ತೋ ಗೊತ್ತಿಲ್ಲ” ಎಂದು ಹೇಳಿ ಡಾಕ್ಟರು ಕುರ್ಚಿಗೆ ಬಂದು ಕುಸಿದರು. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಜನ ಕಕ್ಕಾಬಿಕ್ಕಿಯಾಗಿ ಕೂತರು. ಗಿಳಿಯಮ್ಮ ಕನ್ನಡಕ ತೆಗೆದು ಒರೆಸುತ್ತಿದ್ದರು.

ಸಿಸ್ಟರು ಎದ್ದು ಮೈಕಿನ ಹತ್ತಿರ ಹೋದರು. ಅದನ್ನು ತಮ್ಮ ಎತ್ತರಕ್ಕೆ ಇಳಿಸಿಕೊಂಡರು. ಡಾಕ್ಟರು ಚಟಕ್ಕೆ ಬಿದ್ದವರಂತೆ ಕುರ್ಚಿಯಿಂದಲೇ ಪಿಸುಗುಟ್ಟಿದರು, “ಎಲ್ಲರಿಗೂ ನಮಸ್ಕಾರ ಅನ್ನು...”

“ನೀವು ಸುಮ್ನಿರಿ. ನನಗೆ ಮಾತಾಡೋಕೆ ಬರುತ್ತೆ” ಎಂದರು ಸಿಸ್ಟರು. ಕೋಣೆ ಗೊಳ್ಳೆಂದಿತು. ನಗು ಇಳಿಯುವವರೆಗೆ ಕಾದು ಆಕೆ ಹೇಳಿದರು, “ನನ್ನ ಜೊತೆ ಕೆಲಸ ಮಾಡಿದವರಿಗೆಲ್ಲ ನಾನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳೋದಿದೆ, ಟೀ ಕುಡೀವಾಗ ಹೇಳ್ತೀನಿ. ಮೈಕಲ್ಲಿ ಹೇಳೋದು ಒಂದೇ. ಬರೆದವರು ಮರ್ತಿದ್ರು ಅಂತ ನಾಲ್ಕು ವರ್ಷ ನಿಮಗೆಲ್ಲ ಹೇಳ್ದೆ. ಅದು ಸುಳ್ಳು ಅಂತ ನನಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಇವತ್ತು ಐದು ಗಂಟೆಗೆ ನನ್ನ ಡ್ಯೂಟಿ ಮುಗಿಯುತ್ತೆ. ಆ ಸುಳ್ಳು ಹೇಳೋ ಡ್ಯೂಟಿನೂ ಇವತ್ತಿಗೆ ಮುಗೀತು.”

ಈ ಸಲ ಚಪ್ಪಾಳೆಗೆ ಯಾರೂ ಅನುಮಾನಿಸಲಿಲ್ಲ. ಆಯಾಗಳು ಎದ್ದು ನಿಂತು ತಟ್ಟಿದರು. ಬೆಡ್‌ಶೀಟು ಜಾರಿ ಅಸ್ಥಿಪಂಜರವೂ ಕಾಣಿಸಿಕೊಂಡಿತು, ಅದನ್ನು ಯಾರೂ ಗಮನಿಸಲಿಲ್ಲ. ಲಿಫ್ಟಿನವನು ತನ್ನ ರಿಪೋರ್ಟು ಹಿಡಿದು ಮುಂದೆ ಬಂದು, ಡಾಕ್ಟರನ್ನು ದಾಟಿ ಹೋಗಿ ಸಿಸ್ಟರ ಕೈಗೆ ಕೊಟ್ಟ. ಆಕೆ ನಿಂತಲ್ಲೇ ಓದಿ, ನಾಳೆಯೇ ಎರಡನೇ ಮಹಡಿಗೆ ಹೋಗಿ ತೋರಿಸು, ಬಿಸಿನೀರು ಕುಡಿದುಕೊಂಡು ಕೂರಬೇಡ ಎಂದು ಹೇಳಿ ಕಳಿಸಿದರು.

ಆಮೇಲೆ ಬಂದು ಗಂಡನ ಪಕ್ಕದ ಕುರ್ಚಿಯಲ್ಲಿ ಕೂತರು. ಡಾಕ್ಟರ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಈಗಷ್ಟೇ ಕೊಟ್ಟಿದ್ದ ಹೊಸ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದರು.

“ಜೋರಾಗಿ ಓಡ್ತಿದೆ” ಎಂದರು. ಡಾಕ್ಟರು ಪೆಚ್ಚಾಗಿ ಆಕೆಯ ಮುಖ ನೋಡಿದರು. ಸಿಸ್ಟರು ಹುಬ್ಬು ಕೂಡಿಸಿ ದೂರದ ಗೋಡೆ ನೋಡಿದರು, ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಹೇಳಿದರು:

“ಗಾಬರಿ ಪಡೋಂಥದ್ದೇನೂ ಇಲ್ಲ.”

ಕೈ ಮಾತ್ರ ಬಿಡಲಿಲ್ಲ.